ಪಿಕಾ ಬ್ಲಾಕಿನ ಹುಲ್ಲು

ಅಮೃತಹಳ್ಳಿಯ ಮುನಿಕೃಷ್ಣಪ್ಪನವರು ತಮ್ಮ ಹೊಲದಲ್ಲಿ ಎರಡು ಅಪಾರ್ಟ್‌ಮೆಂಟ್ ಎಬ್ಬಿಸಿ, ಒಂದಕ್ಕೆ ಹಮ್ಮಿಂಗ್‌ಬರ್ಡ್, ಇನ್ನೊಂದಕ್ಕೆ ಪಿಕಾ ಎಂದು ಹೆಸರಿಟ್ಟರು. ಹೆಸರು ಕೊಟ್ಟ ಜಾಹೀರಾತಿನವರಿಗೆ ಎರಡೂ ಎತ್ತರದ ಬೆಟ್ಟದ ಜೀವಿಗಳು ಎಂಬುದಷ್ಟೇ ಗೊತ್ತಿತ್ತು. ಹಕ್ಕಿಯ ಬ್ಲಾಕು ಮೂರೇ ವಾರದಲ್ಲಿ ಭರ್ತಿಯಾಯಿತು. ಪಿಕಾ ಅಂದರೆ ಇಲಿಯಂತೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರಿಂದ ಅತ್ತ ಒಬ್ಬರೂ ಸುಳಿಯಲಿಲ್ಲ.

ಅದಕ್ಕೇ ನನ್ನನ್ನು ಕರೆಸಿದ್ದು. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು.

"ಎರಡನ್ನೂ ಹೋಲಿಸಿ ಭಾಷಣ ಮಾಡಿ ಮೇಷ್ಟ್ರೇ. ಪಿಕಾ ಗೆಲ್ಬೇಕು, ಅಷ್ಟೇ," ಅಂದರು ಮುನಿಕೃಷ್ಣಪ್ಪ.

ಗೇಟಿನಲ್ಲಿ ಅವರ ತಾಯಿ ಮುನಿವೆಂಕಟಮ್ಮ ತಡೆದರು. ಹಿಂದೆ ಶೆಡ್ಡಿನಲ್ಲಿ ಅವರ ಹಸು ಗೌರಿ.

"ಉಲ್ಲು ಒಣಗ್ಸಾಕೆ ಒಂದೀಟು ಜಾಗ ಕೊಡ್ಸಿ ಸ್ವಾಮಿ. ಇಲ್ದಿದ್ರೆ ಗೌರೀನ ಮಾರ್ಬುಡ್ತೀನಿ ಅಂತಾನೆ ನನ್ ಮಗ."

ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ.

ಭಾಷಣದಲ್ಲಿ ನಾನು ಸುಳ್ಳೇನೂ ಹೇಳಲಿಲ್ಲ. ಹಮ್ಮಿಂಗ್‌ಬರ್ಡ್ ಹಕ್ಕಿ ಹಗಲೆಲ್ಲ ಮಕರಂದ ಹೀರಿ, ರಾತ್ರಿ ಚಳಿಗೆ ಮೈ ತಣ್ಣಗೆ ಮಾಡಿಕೊಂಡು ಸತ್ತಂತೆ ಬಿದ್ದಿರುತ್ತದೆ. ಪಿಕಾ ಇಲಿಯಲ್ಲ, ಮೊಲದ ನೆಂಟ. ಹಿಮ ಸುರಿದರೂ ಅದು ಚಳಿಗಾಲ ಪೂರ್ತಿ ಮಲಗಿ ಕಳೆಯುವುದಿಲ್ಲ. ಬೇಸಿಗೆಯಿಡೀ ಬಾಯಿತುಂಬ ಹುಲ್ಲು ಕಚ್ಚಿ ತಂದು, ಒಣಗಿಸಿ, ಪುಟ್ಟ ಬಣವೆ ಒಟ್ಟಿ, ಚಳಿಗಾಲದಲ್ಲಿ ಅದನ್ನೇ ತಿನ್ನುತ್ತದೆ. "ನಾಳೆಯ ಚಿಂತೆ ಇರುವ ಜೀವಿ," ಅಂದೆ. ಚಪ್ಪಾಳೆಯೋ ಚಪ್ಪಾಳೆ. ಒಬ್ಬ ಹೆಂಗಸಂತೂ ಕಣ್ಣೊರೆಸಿಕೊಂಡರು. ಅಂದು ಸಂಜೆಯೇ ಹದಿನಾರು ಮನೆ ಬುಕ್ಕಾದವು.

ಮಾಲೀಕರು ಆ ಖುಷಿಯಲ್ಲಿದ್ದಾಗಲೇ ತಾಯಿಯ ವಿಷಯ ಎತ್ತಿದೆ. "ಕಾಂಪೌಂಡ್ ಪಕ್ಕ ಒಣಗಿಸ್ಕೊಳ್ಲಿ ಬಿಡಿ ಮೇಷ್ಟ್ರೇ," ಅಂದರು ಮುನಿಕೃಷ್ಣಪ್ಪ. ಜನ ಮೆಚ್ಚಿದರೆಂದು ಬಾಯಲ್ಲಿ ಹುಲ್ಲು ಕಚ್ಚಿದ ಸಿಮೆಂಟಿನ ಪಿಕಾವನ್ನು ಗೇಟಿನಲ್ಲಿ ನಿಲ್ಲಿಸಿದರು.

ಹೋದ ತಿಂಗಳು ಮತ್ತೆ ಹೋಗಿದ್ದೆ. ಪಿಕಾದ ಎದೆಗೆ ನಿವಾಸಿಗಳ ಸಂಘದವರು ಒಂದು ಕಾಗದ ಅಂಟಿಸಿದ್ದರು. ಮುನಿವೆಂಕಟಮ್ಮ ಅದರ ಮುಂದೆ ನಿಂತಿದ್ದರು. ಅವರಿಗೆ ಓದು ಬಾರದು.

"ಏನ್ ಬರ್ದವ್ರೆ ಸ್ವಾಮಿ?"

ಆವರಣದಲ್ಲಿ ಹುಲ್ಲು ಒಣಗಿಸುವುದನ್ನು ನಿಷೇಧಿಸಲಾಗಿದೆ, ನೋಟಕ್ಕೆ ಅಸಹ್ಯ, ಎಂದು ಬರೆದಿತ್ತು. ಓದಿ ಹೇಳಿದೆ.

ಹಿಂದೆ ಗೌರಿಯ ಶೆಡ್ಡು ಆಗಲೇ ಖಾಲಿಯಾಗಿತ್ತು. ಮುದುಕಿ ಸಿಮೆಂಟಿನ ಪಿಕಾದ ಬಾಯಲ್ಲಿದ್ದ ಹುಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಅಂಗಾರೆ ಇದ್ನೂ ಮಾರ್ಬುಡ್ತಾರಾ, ಸ್ವಾಮಿ?"