ಹತ್ತು ಲಕ್ಷದ ಒಂದು

ತಂಗಿ ಸುತ್ತಿಗೆ ಎತ್ತಿ ಗೋರಿಕಲ್ಲಿಗೆ ಒಂದು ಬಿಗಿದಳು. ಎರಡನೇ ಏಟಿಗೆ ಮೊದಲೇ ಅಣ್ಣ ಜಡೆ ಹಿಡಿದು ಹಿಂದಕ್ಕೆಳೆದ. ಅಪ್ಪನನ್ನು ಮಣ್ಣು ಮಾಡಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಕಲ್ಲುಕುಟಿಗ ಸಾಮಾನು ಅಲ್ಲೇ ಬಿಟ್ಟು ಬೇಲಿಯತ್ತ ಸರಿದ.

ಕಲ್ಲಿನ ಮೇಲೆ ಹೆಸರಿಗಿಂತ ದೊಡ್ಡದಾಗಿ 1000001 ಎಂದು ಕೆತ್ತಿತ್ತು. ಅದರ ಕೆಳಗೆ, 'ಯಾರಿಂದಲೂ ಒಡೆಯಲಾಗದ ಸಂಖ್ಯೆ.'

"ಒಡೆಯುತ್ತೆ. ಈ ಸುಳ್ಳು ನಿಲ್ಲೋಕೆ ನಾನು ಬಿಡಲ್ಲ," ಎಂದಳು.

"ನಿಂದೇ ತಪ್ಪು ಲೆಕ್ಕ ಅಂತ ಅವತ್ತು ನೀನೇ ಒಪ್ಕೊಂಡಿದ್ದೆ. ಜನಕ್ಕೆ ಅಪ್ಪ ಅಂದ್ರೆ ಆ ಸಂಖ್ಯೆನೇ ಕಣೇ."

ಅದೇನೋ ನಿಜ. ಅಪ್ಪ ಮಾಂಸದಂಗಡಿಯವನು, ಓದಿದ್ದು ನಾಲ್ಕನೇ ಕ್ಲಾಸು, ಲೆಕ್ಕದ ಹುಚ್ಚು ಮಾತ್ರ ನೆತ್ತಿಗೇರಿತ್ತು. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳೆಂದರೆ ಪ್ರಾಣ. ಎರಡರಿಂದ ತೊಂಬತ್ತೇಳರವರೆಗಿನ ಇಪ್ಪತ್ತೈದು ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಿ, ಹತ್ತು ಲಕ್ಷದ ಒಂದು ಜಗ್ಗಲಿಲ್ಲವೆಂದು ಅಂಗಡಿಯ ಗೋಡೆಗೆ ಬರೆಸಿಬಿಟ್ಟ. ಒಡೆದವರಿಗೆ ಇಡೀ ಕುರಿ ಬಹುಮಾನ. ನೂರರ ಆಚೆಗೂ ನೋಡಬೇಕು ಎಂದು ಆ ಮಹಾರಾಯನಿಗೆ ಹೇಳುವವರು ಯಾರು?

*

ಹೇಳಿದವಳು ಹನ್ನೆರಡು ವರ್ಷದ ಮಗಳು, ಅದೂ ಗಿರಾಕಿಗಳ ಎದುರು.

"ಅಪ್ಪಾ, ನೂರ ಒಂದರಿಂದ ಹೋಗುತ್ತೆ. ಒಂಬತ್ತು ಸಾವಿರದ ಒಂಬೈನೂರ ಒಂದು ಸಲ."

"ಕುರಿ ಕಟ್ಟಿಕೊಡಪ್ಪ ಮಗಳಿಗೆ," ಎಂದು ಒಬ್ಬ ನಕ್ಕ.

ಗಿರಾಕಿಗಳು ಹೋದ ಮೇಲೆ ಅಪ್ಪ ಬಾಗಿಲು ಹಾಕಿದ, ಅಮ್ಮ ಒಳಗೇ ಇದ್ದಳು. ಅಪ್ಪ ಕತ್ತಿ ಎತ್ತಿಕೊಂಡಾಗ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಕತ್ತಿಯ ಹಿಂಬದಿಯಿಂದ ಎರಡು ಏಟು. ಎರಡು ಬೆರಳು ಲಟಕ್ಕನೆ ಮುರಿದವು. ಮೆಟ್ಟಿಲಿಂದ ಬಿದ್ದಳು ಎಂದು ಅಮ್ಮ ಎಲ್ಲರಿಗೂ ಹೇಳಿದಳು, ಅಣ್ಣನಿಗೂ. ಮರುದಿನ ಗಿರಾಕಿಗಳ ಮುಂದೆ ತಪ್ಪು ಲೆಕ್ಕ ಎಂದು ಅಪ್ಪ ಅವಳ ಬಾಯಿಂದಲೇ ಹೇಳಿಸಿದ. ಬೆರಳಿಗಿಂತ ಹೆಚ್ಚಾಗಿ ಆ ಮಾತು ಅವಳನ್ನು ಇವತ್ತಿಗೂ ಸುಡುತ್ತಿತ್ತು.

*

ಅಣ್ಣ ಸುತ್ತಿಗೆ ಕಸಿದುಕೊಂಡು ಅವಳ ಕೈಯನ್ನು ಕಲ್ಲಿಗೆ ಒತ್ತಿ ಹಿಡಿದ. "ಇನ್ನೊಂದು ಸಲ ಮುಟ್ಟಿದ್ರೆ ಮುರಿದುಬಿಡ್ತೀನಿ."

"ಎರಡು ಆಗಲೇ ಮುರಿದಿವೆ ಕಣೋ," ಎಂದಳು ಅಮ್ಮ. ಗೋರಿಯ ಆಚೆ ನಿಂತಿದ್ದವಳು ಮುಂದೆ ಬಂದಳು. "ಮೆಟ್ಟಿಲಿಂದ ಬಿದ್ದಿದ್ದಲ್ಲ. ಹೊಡೆದಿದ್ದು ನಿಮ್ಮಪ್ಪ. ಇವಳ ಕೈ ಹಿಡ್ಕೊಂಡಿದ್ದು ನಾನು."

ಅಣ್ಣನ ಹಿಡಿತ ಸಡಿಲವಾಯಿತು. ಅವತ್ತು ತನ್ನನ್ನು ಅದುಮಿ ಹಿಡಿದದ್ದು ಅಪ್ಪನ ಕೈಯೆಂದೇ ಇಷ್ಟು ವರ್ಷ ನಂಬಿದ್ದ ತಂಗಿ ಎದ್ದುಬಂದು ಅಮ್ಮನ ಕೆನ್ನೆಗೆ ಬಾರಿಸಿದಳು. ಅಮ್ಮ ತೂರಾಡಿ ಕಲ್ಲಿನ ಪಕ್ಕ ಕುಕ್ಕರಿಸಿದಳು. ಆಮೇಲೆ ಅಂಗೈಯನ್ನು ಸೊನ್ನೆಗಳ ಮೇಲೆ ಅಗಲಿಸಿಟ್ಟಳು.

"ಸುತ್ತಿಗೆ ಅವಳಿಗೆ ಕೊಡು," ಎಂದಳು ಮಗನಿಗೆ.

ಅವನು ಕೊಟ್ಟ. ಮಗಳು ಎತ್ತಿದಳು. ಅಮ್ಮ ಕಣ್ಣು ಮುಚ್ಚಲಿಲ್ಲ.

ಏಟು ಕೆಳಗಿನ ಸಾಲಿನ 'ಒಡೆಯಲಾಗದ' ಎಂಬಲ್ಲಿಗೆ ಬಿತ್ತು. ಚೂರೊಂದು ಸಿಡಿದು ಅಮ್ಮನ ಹಣೆ ಸೀಳಿತು. ಇನ್ನೊಂದು ಏಟು ಹೆಬ್ಬೆರಳಿನ ಪಕ್ಕಕ್ಕೆ, ಮತ್ತೊಂದು ಕಿರುಬೆರಳಿನ ಪಕ್ಕಕ್ಕೆ. ಅಮ್ಮ ಕೈ ತೆಗೆಯಲಿಲ್ಲ. ಮಗಳು ನಿಲ್ಲಿಸಲಿಲ್ಲ.