ಎಮ್ಮೆಗೆ ಹಚ್ಚಿದ ಫೋನು

ತಂಗಿಯ ಮಗನ ನಾಮಕರಣಕ್ಕೆಂದು ಭಾಲ್ಕಿಗೆ ಬಂದಿದ್ದ ಪ್ರಣಾಲಿ ಸಂಜೆ ಊಟಕ್ಕೆ ಕೂತು ಮೊದಲ ತುತ್ತು ಎತ್ತುವಷ್ಟರಲ್ಲಿ ಸಂತಪುರದಿಂದ ಗಂಡ ಕಪಿಲನ ಫೋನು ಬಂತು.

"ಎಮ್ಮಿ ಹಾಲು ಬಿಡವಲ್ದು, ಬರೇ ಒದಿಲಾಕತ್ತದ. ನಿನ್ನ ಸೀರಿ ಉಟ್ಟು ಕುಂತರೂ ಕೇಳವಲ್ದು. ಸಿಕ್ಕ ಬಸ್ಸು ಹತ್ತಿ ಬಂದುಬಿಡು."

ಪ್ರಣಾಲಿಗೆ ಮೈಯೆಲ್ಲ ಉರಿದುಹೋಯಿತು.

"ಬರಂಗಿಲ್ಲಂದ್ರ ಬರಂಗಿಲ್ರಿ! ವರ್ಷಕ್ಕೊಮ್ಮಿ ತಂಗಿ ಮನಿಗಿ ಬಂದೀನಿ. ಎಮ್ಮಿ ಹೊರಗ ಮೇಯಾಕ ಹೋಗಂಗಿಲ್ಲ, ಅದರ ಸಲುವಾಗಿ ನಾನೂ ಎಲ್ಲಿಗೂ ಹೋಗಂಗಿಲ್ಲ. ಮೇವಿನ ಕಣಿಕಿ ಕೊಚ್ಚಾಕಿ ನಾ, ನೀರು ಹೊರಾಕಿ ನಾ, ಸೆಗಣಿ ಬಳಿಯಾಕಿ ನಾ. ಡೇರಿಯಾಗ ಹೆಸರು ಮಾತ್ರ ನಿಮ್ದು!"

"ತಡಿ, ತಡಿ," ಎಂದ ಕಪಿಲನ ದನಿಯೇ ಬದಲಾಗಿತ್ತು. "ನಿನ್ನ ದನಿ ಕೇಳಿ ಎಮ್ಮಿ ಕಿವಿ ಎತ್ತೇದ. ಸ್ಪೀಕರ್ ಹಚ್ಚೀನಿ. ಹಿಂಗೇ ಬೈಕೋತ ಇರು."

ಗಂಡನನ್ನು ಬೈಯುತ್ತಲೇ ಹಾಲು ಕರೆಯುವುದು ಪ್ರಣಾಲಿಯ ನಿತ್ಯದ ರೂಢಿ. ಆ ಬೈಗುಳ ಕಿವಿಗೆ ಬಿದ್ದರೆ ಮಾತ್ರ ಎಮ್ಮೆ ಮೈ ಸಡಿಲ ಬಿಡುತ್ತಿತ್ತು. ಈಗ ಆಕೆಯೂ ಬಿಡಲಿಲ್ಲ. ಕೊಟ್ಟಿಗೆಗೆ ಹೊದಿಸಿದ ಹರಿದ ತಾಡಪತ್ರಿಯಿಂದ ಹಿಡಿದು ಅತ್ತೆಯ ಕೊಂಕು ಮಾತಿನವರೆಗೆ ಒಂದನ್ನೂ ಉಳಿಸದೆ ಆಡಿದಳು. ಅತ್ತ ಬಕೆಟ್ಟಿಗೆ ಹಾಲು ಬೀಳುವ ಸದ್ದು ಜೋರಾಯಿತು. ಕಪಿಲ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

ಮದುವೆಯಾದ ಮೇಲೆ ಅವನು ತನ್ನ ಮಾತನ್ನು ಇಷ್ಟು ಹೊತ್ತು ಕೇಳಿದ್ದು ಇದೇ ಮೊದಲು ಎಂದು ಹೊಳೆದದ್ದೇ ತಡ, ಆಕೆಯ ಬೈಗುಳ ಅರ್ಧಕ್ಕೇ ನಿಂತಿತು.

"ಯಾಕ ಸುಮ್ಮಾದಿ?" ಕಪಿಲ ಗಾಬರಿಯಾಗಿ ಕೇಳಿದ. "ಇನ್ನಾ ಎರಡು ಮೊಲಿ ಉಳದಾವ."