ಐದಕ್ಕೆ ಮೂರು ಕೊಟ್ಟ ಮಾಸ್ತರು

ತೊರಗಲ್ಲಿನ ಮನೆಗೆ ಬರೀ ಮೂರು ಸ್ಟಾರ್ ಬಿದ್ದಿವೆ ಎಂದು ಫೋನು ತೋರಿಸಿದಾಗ ಅನ್ನಪೂರ್ಣಾ ಬೈಲಹೊಂಗಲದ ತನ್ನ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಓದಿ ಮುಗಿಸುವಷ್ಟರಲ್ಲಿ ಶೇಂಗಾ ಕರಕಾದವು. ಆಗಲಿ, ಹಾಳಾಗಿ ಹೋಗಲಿ! ಐದಕ್ಕೆ ಮೂರು ಕೊಟ್ಟ ಈ ಪುಣ್ಯಾತ್ಮ ಯಾರು, ಇವನಿಗೆ ನಾವು ಏನು ಕಡಿಮೆ ಮಾಡಿದ್ದೆವು ಎಂದು ಆಕೆಯ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು ಮಾಡೀತು? ಹದಿನಾಲ್ಕು ವರ್ಷ ನಡೆಸಿದ ಖಾನಾವಳಿಯನ್ನು ಮುಚ್ಚಿ ಆಕೆ ಮೂರು ಮನೆಗಳನ್ನು ನೆಚ್ಚಿಕೊಂಡು ಕೂತಿದ್ದಳು. ಕಿತ್ತೂರಿನಲ್ಲಿ ಕೋಟೆಯ ಹತ್ತಿರದ ತವರುಮನೆ, ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಎರಡು ಕೋಣೆಯ ಮನೆ, ರಾಮದುರ್ಗ ತಾಲೂಕಿನ ತೊರಗಲ್ಲಿನಲ್ಲಿ ಕೋಟೆಯೊಳಗಿನ ಹಳೆಯ ಮಣ್ಣಿನ ಮಾಳಿಗೆ. ಮೂರನ್ನೂ ಒಂದು ಕಂಪನಿಯ ಆ್ಯಪಿಗೆ ಹಾಕಿದ್ದಳು. ಒಂದು ದಿನ, ಎರಡು ದಿನ ಇದ್ದು ಹೋಗುವ ಜನ ಆ್ಯಪ್ ನೋಡಿಯೇ ಬರುತ್ತಿದ್ದರು, ಹೋದ ಮೇಲೆ ಐದಕ್ಕೆ ಇಷ್ಟು ಎಂದು ಸ್ಟಾರ್ ಒತ್ತುತ್ತಿದ್ದರು. ಕಿತ್ತೂರು, ಸವದತ್ತಿ ಎರಡಕ್ಕೂ ಹೆಚ್ಚುಕಡಿಮೆ ಐದೇ ಇತ್ತು. ತೊರಗಲ್ ಹೊಸದು. ಈವರೆಗೆ ಬಂದವರು ಮೂರೇ ಮಂದಿ. ಮೊದಲಿಬ್ಬರು ಐದೈದು ಕೊಟ್ಟರು. ಮೂರನೆಯವನು ಈ ಪುಣ್ಯಾತ್ಮ.

ಮರುದಿನವೇ ಕಂಪನಿಯಿಂದ ಫೋನು ಬಂತು. ಸಪ್ನಾ ಎಂಬ ಹುಡುಗಿ, ದನಿ ಕೇಳಿದರೆ ಸಕ್ಕರೆ ಸುರಿಯಬೇಕು.

"ಮೇಡಂ, ನಿಮ್ಮ ತೊರಗಲ್ ಮನೆಯ ಸರಾಸರಿ ನಾಲ್ಕೂವರೆಗಿಂತ ಕೆಳಗೆ ಹೋಗಿದೆ. ಏಳು ದಿನದೊಳಗೆ ಸರಿಪಡಿಸಿಕೊಳ್ಳಿ. ಇಲ್ಲಾಂದ್ರೆ ನಿಮ್ಮ ಮೂರೂ ಮನೆಗಳು ಕೊನೆಯ ಪುಟಕ್ಕೆ ಹೋಗ್ತವೆ."

"ಮೂರೂ ಯಾಕ್ರಿ? ಕಿತ್ತೂರ ಮನಿ ಏನ್ ಮಾಡೈತಿ? ಸವದತ್ತಿ ಮನಿ ಏನ್ ಮಾಡೈತಿ?"

"ಮಾಲೀಕರು ಒಬ್ಬರೇ ಅಲ್ವಾ ಮೇಡಂ. ಸಿಸ್ಟಮ್ ಹಾಗಿದೆ."

"ಸರಿಪಡಿಸೂದ ಹೆಂಗ್ರಿ?"

"ಹೊಸ ಅತಿಥಿಗಳಿಂದ ಒಳ್ಳೆ ರೇಟಿಂಗ್ ತಗೊಳ್ಳಿ. ಆದರೆ ಸದ್ಯಕ್ಕೆ ಆ ಮನೆ ಯಾರಿಗೂ ಕಾಣಿಸಲ್ಲ ಮೇಡಂ."

ಅಲ್ಲ, ಇದೆಂಥ ನ್ಯಾಯ? ಬಾಗಿಲಿಗೆ ಬೀಗ ಜಡಿದು, ಜನರನ್ನು ಒಳಗೆ ಕರೆ ಎಂದಂತಾಯಿತು. ಮುಂದಿನ ಹುಣ್ಣಿಮೆಗೆ ಇನ್ನು ಹನ್ನೆರಡು ದಿನವಷ್ಟೇ ಇತ್ತು. ಗುಡ್ಡಕ್ಕೆ ಬರುವ ಜನ ಆಗಲೇ ಮನೆ ಹುಡುಕುತ್ತಿದ್ದರು. ಕೊನೆಯ ಪುಟದವರೆಗೆ ಬೆರಳು ಜಾರಿಸುವಷ್ಟು ಪುರಸತ್ತು ಯಾರಿಗಿದೆ?

ಮೂರು ಕೊಟ್ಟವರ ಹೆಸರು ಮುದಕಪ್ಪ, ಊರು ದೊಡವಾಡ. ಅನ್ನಪೂರ್ಣಾ ಸೀರೆ ಬದಲಿಸಿ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಕೂತಿದ್ದಳು. ನೀರು ಬಿಸಿ ಇರಲಿಲ್ಲ ಅನ್ನಲಿ ನೋಡುತ್ತೇನೆ, ಹಾಸಿಗೆ ಸ್ವಚ್ಛ ಇರಲಿಲ್ಲ ಅನ್ನಲಿ ನೋಡುತ್ತೇನೆ. ತೊರಗಲ್ಲಿನ ಮನೆ ನೋಡಿಕೊಳ್ಳುವವಳು ಕಾಡವ್ವ. ನೆಲ ಸಾರಿಸಿದರೆ ಅದರ ಮೇಲೆ ರೊಟ್ಟಿ ಇಟ್ಟು ತಿನ್ನಬಹುದು, ಅಂಥ ಕೈ ಅವಳದು.

ದೊಡವಾಡದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುದಕಪ್ಪ ಮಾಸ್ತರು ಎಂದರೆ ಹಾದಿಯಲ್ಲಿ ಹೋಗುವ ದನಕರುವೂ ದಾರಿ ತೋರಿಸುತ್ತಿತ್ತು. ಮೂವತ್ತಾರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ತೊರಗಲ್ ಮನೆಯ ಮಾಲೀಕಳು ಎಂದು ತಿಳಿದದ್ದೇ ತಡ, ಕಟ್ಟೆಯಿಂದ ಎದ್ದೇಬಿಟ್ಟರು.

"ಬಾ ತಂಗಿ, ಬಾ! ಏನ್ ಮನಿ ಇಟ್ಟೀಯವಾ! ನಾನೂ ನಮ್ಮಾಕಿನೂ ಎರಡ ದಿನಾ ಇದ್ವಿ, ಊರಿಗೆ ವಾಪಸ್ ಬರಾಕ ಮನಸ ಆಗಲಿಲ್ಲ ನೋಡ. ಆ ಕಾಡವ್ವನ ಕೈಯಾಗಿನ ಪುಂಡಿಪಲ್ಲೆ ರುಚಿ ಇನ್ನೂ ನಾಲಿಗಿ ಮ್ಯಾಲ ಐತಿ. ಲೇ, ಚಾ ಇಡು!"

ಜೋಡಿಸಿಟ್ಟ ಬೈಗುಳವನ್ನೆಲ್ಲ ನುಂಗಿ ಅನ್ನಪೂರ್ಣಾ ಕಟ್ಟೆಯ ತುದಿಗೆ ಕೂತಳು.

"ಮತ್ತ ಮೂರ ಯಾಕ ಕೊಟ್ರಿ ಮಾಸ್ತರ?"

"ಕೊಟ್ಟೇನಲ್ಲ, ಫಸ್ಟ್ ಕ್ಲಾಸ್!" ಮಾಸ್ತರು ಎದೆ ಮುಂದೆ ಮಾಡಿದರು. "ಐದಕ್ಕ ಮೂರು ಅಂದ್ರ ನೂರಕ್ಕ ಅರವತ್ತು. ನನ್ನ ಸರ್ವಿಸಿನಾಗ ಅರವತ್ತರ ಮ್ಯಾಲ ನಾ ಯಾರಿಗೂ ಹಾಕಿಲ್ಲ. ಸ್ವಂತ ಮಗಳಿಗೂ ಐವತ್ತೆಂಟ ಹಾಕೇನಿ. ಎರಡ ದಿನಾ ಅತ್ತಳು. ನಿನ್ನ ಮನಿಗೆ ಮಾತ್ರ ವಿಚಾರ ಮಾಡಿ, ಮಾಡಿ, ಕಡೀಗೆ ಫಸ್ಟ್ ಕ್ಲಾಸ್ ಹಾಕಿದ್ನಿ."

ನಗಬೇಕೋ ಅಳಬೇಕೋ ಅನ್ನಪೂರ್ಣಾಳಿಗೆ ತಿಳಿಯಲಿಲ್ಲ. ಕಂಪನಿಯ ಲೆಕ್ಕ ಹೇಳಿದಳು. ಆ ಲೆಕ್ಕದಲ್ಲಿ ಐದು ಅಂದರೆ ಪಾಸು, ನಾಲ್ಕು ಅಂದರೆ ತಕರಾರು, ಮೂರು ಅಂದರೆ ಮುಗಿದೇ ಹೋಯಿತು. ಕೇಳುತ್ತ ಕೇಳುತ್ತ ಮಾಸ್ತರ ಮುಖ ಕೆಂಪಾಯಿತು.

"ಎಲ್ಲಾರಿಗೂ ಐದಕ್ಕ ಐದೇ ಕೊಡಬೇಕಂದ್ರ ಪರೀಕ್ಷಾ ಯಾಕ ಇಡಬೇಕು? ನಾ ಫಸ್ಟ್ ಕ್ಲಾಸ್ ಕೊಟ್ಟ ಮನೀನ ನಪಾಸ ಮಾಡಾಕ ಅವರ್ಯಾರು? ಫೋನ್ ಹಚ್ಚು ತಂಗಿ, ನಾ ಮಾತಾಡತೇನಿ."

ಫೋನು ಹಚ್ಚಿದಳು. ಸಪ್ನಾ ಅದೇ ಸಕ್ಕರೆ ದನಿಯಲ್ಲಿ, ಒಮ್ಮೆ ಒತ್ತಿದ ಮೇಲೆ ಸ್ಟಾರ್ ಬದಲಿಸಲು ಬರುವುದಿಲ್ಲ ಸರ್, ಎಂದಳು.

"ಕೊಟ್ಟಾಂವ ನಾನು! ನಾನ ತಪ್ಪಾಗೈತಿ ಅನ್ನಾಕತ್ತೇನಿ!"

"ಸಾರಿ ಸರ್. ಸಿಸ್ಟಮ್ ತಗೊಳ್ಳಲ್ಲ." ಆಮೇಲೆ ಅನ್ನಪೂರ್ಣಾಳಿಗೆ ಒಂದು ಉಪಾಯವನ್ನೂ ಹೇಳಿದಳು. "ಒಂದು ದಾರಿ ಇದೆ ಮೇಡಂ. ತೊರಗಲ್ ಮನೆಯನ್ನೇ ಆ್ಯಪಿನಿಂದ ತೆಗೆದುಹಾಕಿ. ಉಳಿದೆರಡು ಮನೆ ಆರಾಮಾಗಿ ಉಳ್ಕೊಳ್ತವೆ. ತುಂಬಾ ಮಾಲೀಕರು ಹಾಗೇ ಮಾಡ್ತಾರೆ."

ಮಾಸ್ತರು ಕಟ್ಟೆಯ ಮೇಲೆ ಕುಸಿದು ಕೂತರು. ಚಹಾ ಬಂತು, ಆರಿತು. ಹೊರಡುವಾಗ ಅವರು ಆಕೆಯ ಮುಖ ನೋಡಲಿಲ್ಲ. "ಕಾಡವ್ವಗ ಹೇಳಬ್ಯಾಡವಾ," ಎಂದಷ್ಟೇ ಅಂದರು.

ನಾಲ್ಕು ದಿನ ಅನ್ನಪೂರ್ಣಾ ಮನೆಯಲ್ಲಿ ಸುಮ್ಮನೆ ಕೂಡಲಿಲ್ಲ, ನಿಲ್ಲಲೂ ಇಲ್ಲ. ಗಂಡ ಮಹಾದೇವ, ಒಂದು ಹೋಗಿ ಎರಡು ಉಳಿದರೆ ಛಲೋನೇ ಆಯಿತಲ್ಲ, ತಗದುಬಿಡು ಎಂದ. ಅವನ ಮಾತೂ ಸುಳ್ಳಲ್ಲ. ಅದಕ್ಕೇ ಆಕೆಗೆ ಇನ್ನಷ್ಟು ಸಿಟ್ಟು ಬಂತು. ಉಂಡವರು ಹೊಗಳಿ ಹೋಗಿದ್ದಾರೆ, ಕೊಟ್ಟವರು ಒಪ್ಪಿಕೊಂಡಿದ್ದಾರೆ, ತಪ್ಪು ಮಾಡಿದವರು ಯಾರೂ ಇಲ್ಲ, ಆದರೂ ಒಬ್ಬಳ ಕೈಯಿಂದ ಕೆಲಸ ಕಿತ್ತುಕೊಳ್ಳಬೇಕು! ಅದನ್ನು ಕಿತ್ತುಕೊಳ್ಳುವ ಕೆಲಸವನ್ನಾದರೂ ಕಂಪನಿ ತಾನೇ ಮಾಡುತ್ತದೆಯೇ? ಇಲ್ಲ. ಅದೂ ಅನ್ನಪೂರ್ಣಾಳ ಬೆರಳಿನಿಂದಲೇ ಆಗಬೇಕು.

ಏಳನೆಯ ದಿನ ಆಕೆ ತೊರಗಲ್ಲಿಗೆ ಹೋದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಮುಖ ಕೊಟ್ಟು ಹೇಳಬೇಕು ಎಂದುಕೊಂಡಿದ್ದಳು.

ಕಾಡವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಕ್ಕಾರು ಬಾಗಿಲಲ್ಲಿ ಕಂಡಿದ್ದೇ ಮುಖ ಅರಳಿತು.

"ಬರ್ರಿ ಅಕ್ಕಾರ. ಮಾಸ್ತರು ಆ ಸ್ಟಾರ್ ಚಿಕ್ಕಿ ಎಷ್ಟ ಕೊಟ್ರು ಗೊತ್ತೈತಲ್ರಿ? ಹೋಗುವಾಗ ನನಗ ಅವರ ಹೇಳಿ ಹೋದ್ರು. ಕಾಡವ್ವಾ, ನಿನಗ ಫಸ್ಟ್ ಕ್ಲಾಸ್ ಹಾಕತೇನಿ ಅಂದ್ರು. ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ, ನನಗ ಮಾಸ್ತರ ಕೈಲೇ ಫಸ್ಟ್ ಕ್ಲಾಸ್! ಓಣಿಗೆಲ್ಲಾ ಸಕ್ಕರಿ ಹಂಚೇನಿ ನೋಡ್ರಿ."

ಅನ್ನಪೂರ್ಣಾ ಗೋಡೆಗೆ ಒರಗಿ ಕೂತಳು. ಕೋಟೆಯ ಗೋಡೆಗಳ ನಡುವೆ ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಕಟ್ಟೆಯ ಮೇಲೆ ಮಾತ್ರ. ಫೋನನ್ನು ಅಲ್ಲೇ ಇಟ್ಟಿದ್ದಳು. ಅದು ಬಡಿದುಕೊಂಡಿತು. ಎತ್ತಿದರೆ ದನಿ ಕಡಿದುಹೋಗುತ್ತದೆ ಎಂದು ಇಟ್ಟಲ್ಲೇ ಸ್ಪೀಕರ್ ಒತ್ತಿದಳು.

"ಮೇಡಂ, ಸಪ್ನಾ ಮಾತಾಡ್ತಿರೋದು. ಇವತ್ತೇ ಕೊನೆ ದಿನ. ಆ ಕಡಿಮೆ ರೇಟಿಂಗ್ ಬಂದಿರೋ ಮನೇನ ತೆಗೆದುಹಾಕಲಾ? ನೀವು ಹೂಂ ಅಂದ್ರೆ ಸಾಕು."

ಕಾಡವ್ವನ ಕೈ ಹಿಟ್ಟಿನಲ್ಲೇ ನಿಂತಿತು.

"ಯಾವ ಮನಿ ಅಕ್ಕಾರ? ಕಿತ್ತೂರಿಂದೇನ್ರಿ?" ಎಂದು ಪಿಸುಗುಟ್ಟಿದಳು. "ಅಯ್ಯ ಶಿವನ! ಅಲ್ಲಿ ಕೆಲಸಾ ಮಾಡೂ ಹೆಣ್ಮಗಳು ಹೊಸಬಾಕಿ ಇರಬೇಕ್ರಿ. ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ. ನಾ ನಾಕ ದಿನಾ ಹೋಗಿ ಅಕಿ ಜೋಡಿ ಇದ್ದು ಎಲ್ಲಾ ಕಲಿಸಿ ಬರತೇನಿ. ಮನಿ ತಗದ್ರ ಅಕಿ ಎಲ್ಲಿಗೆ ಹೋಗಬೇಕ್ರಿ?"

ಅನ್ನಪೂರ್ಣಾಳ ಕಣ್ಣು ತುಂಬಿದವು. ತುಂಬಿದ್ದು ದುಃಖಕ್ಕಲ್ಲ, ಸಿಟ್ಟಿಗೆ.

"ಸಪ್ನಾ, ಆ ಮನ್ಯಾಗ ತಪ್ಪೇನೈತಿ ಹೇಳ್ರಿ. ಒಂದ ತಪ್ಪು ಹೇಳ್ರಿ, ಈಗಿಂದೀಗ ಹೂಂ ಅಂತೇನಿ."

"ತಪ್ಪು ಅಂತಲ್ಲ ಮೇಡಂ, ಸರಾಸರಿ..."

"ಹಂಗಾರ ತಗಿಯೂದಿಲ್ಲ."

"ಮೇಡಂ, ಮೂರೂ ಹೋಗ್ತವೆ. ಹುಣ್ಣಿಮೆ ಸೀಸನ್ ಬೇರೆ..."

"ಹೋಗ್ಲಿ! ಮೂರೂ ಹಾಕ್ಕೊಳ್ರಿ ಕಡೀ ಪುಟಕ್ಕ. ನನ್ನ ಬಾಯಿಲೆ ಹೂಂ ಅನಸಬ್ಯಾಡ್ರಿ."

ಫೋನು ಕಟ್ಟಾಯಿತು. ಒಲೆಯ ಮೇಲೆ ರೊಟ್ಟಿ ಉಬ್ಬಿತ್ತು. ಕಾಡವ್ವ ಅದನ್ನು ತಿರುವಿ ಹಾಕದೆ ಅಕ್ಕಾರ ಮುಖವನ್ನೇ ನೋಡುತ್ತಿದ್ದಳು.

"ಮೂರೂ ಅಂದ್ರ, ಅಕ್ಕಾರ, ನಂದೂ ಬಂತೇನ್ರಿ ಅದರಾಗ?"

ಅನ್ನಪೂರ್ಣಾ ಹೌದೆಂದು ತಲೆಯಾಡಿಸಿದಳು.

ಕಾಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ರೊಟ್ಟಿ ತೆಗೆದು ತಾಟಿಗೆ ಹಾಕಿ, ಪಲ್ಲೆ ಬಡಿಸಿ, ಅಕ್ಕಾರ ಮುಂದೆ ಸರಿಸಿದಳು.

"ಇರ್ಲಿ ತಗೋರಿ," ಎಂದಳು. "ಪಾಪ, ಆ ಕಿತ್ತೂರ ಹೆಣ್ಮಗಳು ಒಬ್ಬಾಕಿನ ಬೀದಿಗೆ ಬೀಳೂದ ತಪ್ಪಿತಲ್ಲ. ಊಟಾ ಮಾಡ್ರಿ."